ಹನ್ನೊಂದು ಜನರ ಉಪವಾಸ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಬಗ್ಗೆ ಯಾರೂ ಬರೆದಿಲ್ಲ. ಬರೆಯುವಂಥದ್ದನ್ನು ನಾವೇನೂ ಮಾಡಲೂ ಇಲ್ಲ. ಆದರೂ ಈಗ ಹೊರಮಾವಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಬಾಡಿಗೆ ಮೈದಾನದಲ್ಲಿ ಹುಡುಗರು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಣ್ಣಬಣ್ಣದ ಬೂಟು ಹಾಕಿಕೊಂಡು ಆಡುವುದನ್ನು ಕಂಡರೆ ನನಗೆ ಸುಮ್ಮನೆ ಹೋಗಲು ಆಗುವುದಿಲ್ಲ. ಗೇಟಿನ ಹತ್ತಿರ ನಿಂತು, "ನಾನೂ ಕಾಲೇಜ್ ಟೀಮಿಗೆ ಆಡ್ದೋನು ಕಣ್ರಪ್ಪಾ" ಎಂದುಬಿಡುತ್ತೇನೆ. ಅವರು ಮರ್ಯಾದೆಗೆ, "ಹೌದಾ ಅಂಕಲ್? ಯಾವ ಪೊಸಿಷನ್?" ಎನ್ನುತ್ತಾರೆ. ರೈಟ್ ಬ್ಯಾಕ್ ಎನ್ನುತ್ತೇನೆ. ಎಷ್ಟು ಮ್ಯಾಚ್ ಗೆದ್ರಿ ಎಂದು ಅವರು ಕೇಳುವಷ್ಟರಲ್ಲಿ ನಾನು ಹಾಲು ತರಲು ಹೊರಟುಬಿಟ್ಟಿರುತ್ತೇನೆ.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಮಾತು ಇದು. ಯುದ್ಧ ಮುಗಿದದ್ದು ಬೆಂಗಳೂರಿನ ದಂಡು ಪ್ರದೇಶದವರಿಗೆ ಎರಡು ಕಡೆ ಕಣ್ಣಿಗೆ ಕಾಣುತ್ತಿತ್ತು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಮಿಲಿಟರಿ ಕಂಬಳಿ, ನೀರಿನ ಬಾಟಲಿ, ಬೂಟುಗಳು ರಾಶಿ ಬಿದ್ದಿದ್ದವು. ಫುಟ್‌ಬಾಲ್ ಮೈದಾನದಲ್ಲಿ ಗಡಿಯಿಂದ ವಾಪಸು ಬಂದ ಜವಾನರ ತಂಡಗಳು ಮತ್ತೆ ಕಾಣಿಸಿಕೊಂಡಿದ್ದವು. ಅವರಿಗೆ ಆ ವರ್ಷ ಎಲ್ಲಿಲ್ಲದ ಹುರುಪು. ಎದುರಿಗೆ ನಮ್ಮಂಥ ಪುಟ್ಟ ಕಾಲೇಜು ಸಿಕ್ಕರೂ ಸ್ವಲ್ಪವೂ ಕನಿಕರವಿಲ್ಲದೆ ಬಾರಿಸುತ್ತಿದ್ದರು. ನಾವು ಅವರದೇ ಹಳೆಯ ಬೂಟುಗಳನ್ನು ಗುಜರಿಯಲ್ಲಿ ಕೊಂಡು, ತಳಕ್ಕೆ ಚರ್ಮದ ತುಂಡುಗಳನ್ನು ಮೊಳೆ ಹೊಡೆಸಿಕೊಂಡು, ಅವರ ಕೈಯಲ್ಲೇ ಸೋಲುತ್ತಿದ್ದೆವು.

ಕಾಲೇಜು ನಡೆಯುತ್ತಿದ್ದುದು ಕುಕ್ ಟೌನಿನ ಒಂದು ಹಳೆಯ ಬಂಗಲೆಯಲ್ಲಿ. ಮಲಗುವ ಕೋಣೆಯಲ್ಲಿ ಅರ್ಥಶಾಸ್ತ್ರ, ಊಟದ ಮನೆಯಲ್ಲಿ ಇತಿಹಾಸ, ಕುದುರೆ ಲಾಯದಲ್ಲಿ ಲೈಬ್ರರಿ. ಮೈದಾನವೆಂದರೆ ಬಂಗಲೆಯ ಹಿತ್ತಲು. ಒಂದು ಗೋಲು ಎರಡು ಮರಗಳ ನಡುವೆ, ಇನ್ನೊಂದು ಬಾವಿಗೂ ಪಂಪ್ ಮನೆಗೂ ನಡುವೆ. ಬೇಲಿಯಾಚೆ ಇದ್ದ ಅಜ್ಜಿ ತನ್ನ ಅಂಗಳಕ್ಕೆ ಬಿದ್ದ ಚೆಂಡನ್ನು ವಾಪಸು ಕೊಡುತ್ತಿರಲಿಲ್ಲ. ಹಾಗಾಗಿ ಚೆಂಡನ್ನು ಮೇಲಕ್ಕೆ ಹೊಡೆಯಬಾರದು ಎಂಬುದು ನಮ್ಮ ತರಬೇತಿಯ ಮೊದಲ ನಿಯಮ. ನೆಲದ ಮೇಲೆ ಉರುಳಿಸುತ್ತ ಒಬ್ಬರಿಂದೊಬ್ಬರಿಗೆ ದಾಟಿಸುವುದರಲ್ಲಿ ನಾವು ಪಳಗಿಬಿಟ್ಟೆವು. ಹೊರಗೆ ದೊಡ್ಡ ಮೈದಾನಕ್ಕೆ ಹೋದಾಗ ಎದುರಾಳಿಗಳು ತಲೆಯ ಮೇಲಿಂದ ಚೆಂಡು ಹಾರಿಸಿದರೆ, ವಿಮಾನ ನೋಡುವವರ ಹಾಗೆ ಹನ್ನೊಂದು ಜನವೂ ಬಾಯಿ ತೆರೆದು ಮೇಲೆ ನೋಡುತ್ತಿದ್ದೆವು.

ನಾನು ಕೆ.ಆರ್. ಪುರದವನು. ಬೆಳಿಗ್ಗೆ ರೈಲು ಹತ್ತಿ ಈಸ್ಟ್ ಸ್ಟೇಷನ್ನಿನಲ್ಲಿ ಇಳಿದು ಕಾಲೇಜಿಗೆ ನಡೆದು ಬರುತ್ತಿದ್ದೆ. ನಮ್ಮ ಗೋಲ್‌ಕೀಪರು ಹಲಸೂರಿನವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಹೊಟ್ಟೆ ಹಸಿದಾಗ ಎರಡೂ. ಅವನ ಗಾತ್ರ ನೋಡಿಯೇ ಅವನನ್ನು ಗೋಲಿನಲ್ಲಿ ನಿಲ್ಲಿಸಿದ್ದೆವು; ಅರ್ಧ ಗೋಲು ಅವನು ನಿಂತರೇ ಮುಚ್ಚಿಹೋಗುತ್ತಿತ್ತು. ಕ್ರೀಡೆಯ ಉಸ್ತುವಾರಿ ಕನ್ನಡ ಮೇಷ್ಟ್ರದು. ಅವರಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಆದರೆ ಪ್ರತಿ ಪಂದ್ಯಕ್ಕೂ ಕಿತ್ತಳೆ ಹಣ್ಣಿನ ಚೀಲ ಹೊತ್ತುಕೊಂಡು ತಾವೇ ಬರುತ್ತಿದ್ದರು. ಅಂಥ ಮೇಷ್ಟ್ರನ್ನು ನಾನು ಆಮೇಲೆ ಕಾಣಲಿಲ್ಲ.

ಇನ್ನು ಕ್ಯಾಪ್ಟನ್. ಸಣ್ಣ ಆಳು, ಕಡ್ಡಿಯಂಥ ಕಾಲು, ಎಡಬದಿಯಲ್ಲಿ ಎಡಗಾಲಿನಿಂದ ಆಡುವ ಲೆಫ್ಟ್ ಔಟ್ ಆಟಗಾರ. ತಂಡದಲ್ಲಿ ನಿಜವಾಗಿ ಆಡಲು ಬರುತ್ತಿದ್ದುದು ಅವನೊಬ್ಬನಿಗೇ. ಅವನಪ್ಪನದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಟೈಲರ್ ಅಂಗಡಿ. ಮಗ ಚಿಕ್ಕಂದಿನಿಂದಲೂ ಅಲ್ಲಿ ಕಾಜಾ ಹಾಕಿ, ಗುಂಡಿ ಹೊಲಿದು, ಈಗ ಪ್ಯಾಂಟಿನವರೆಗೂ ಬಂದಿದ್ದ. ಸೀಸನ್ ಶುರುವಾದ ದಿನವೇ ಬಂಗಲೆಯ ಮೆಟ್ಟಿಲ ಮೇಲೆ ಕೂತು ನಮಗೆಲ್ಲ ಹೇಳಿಬಿಟ್ಟಿದ್ದ.

"ನಮ್ಮ ಅಬ್ಬಾ ಹೇಳಿಬಿಟ್ಟಿದ್ದಾರೆ ಕಣ್ರೋ. ಈ ಸೀಸನ್ ಆಡ್ಕೋ, ಯಾವ್ದಾದ್ರೂ ಫ್ಯಾಕ್ಟರಿ ಟೀಮ್‌ನೋರು ಕರೆದ್ರೆ ಹೋಗು, ನಾನು ಅಡ್ಡ ಬರಲ್ಲ. ಯಾರೂ ಕರೀಲಿಲ್ಲಾಂದ್ರೆ ಈದ್ ಆದ್ಮೇಲೆ ಆಟಾನೂ ಇಲ್ಲ, ಕಾಲೇಜೂ ಇಲ್ಲ, ಮಿಷಿನ್ ಮೇಲೆ ಕೂತ್ಕೋ ಅಂತ."

ಆಗೆಲ್ಲ ಊರಿನ ಪೂರ್ವದ ಕಡೆಯ ದೊಡ್ಡ ಕಾರ್ಖಾನೆಗಳಿಗೆ ಸ್ವಂತ ಫುಟ್‌ಬಾಲ್ ತಂಡಗಳಿದ್ದವು. ಚೆನ್ನಾಗಿ ಆಡುವ ಹುಡುಗನನ್ನು ಕರೆದು ಕೆಲಸ ಕೊಡುತ್ತಿದ್ದರು. ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಮೈದಾನ. ಹಲಸೂರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದ್ದುದು ಮಗನ ಕಾಲಿನ ದೆಸೆಯಿಂದ. ನಮ್ಮ ಕ್ಯಾಪ್ಟನ್ನಿಗೆ ಬೇಕಾಗಿದ್ದುದೂ ಅದೇ. ನಾವು ಉಳಿದ ಹತ್ತು ಜನ ಗೆದ್ದರೂ ಸೋತರೂ ಸಂಜೆ ಮನೆಗೆ ಹೋಗಿ ಉಣ್ಣುವವರು. ಅವನಿಗೆ ಮಾತ್ರ ಆ ಸೀಸನ್ನಿನಲ್ಲಿ ಇಡೀ ಜೀವನ ನಿಂತಿತ್ತು.

ಸೀಸನ್ ಹೇಗೆ ಹೋಯಿತೆಂದು ಹೆಚ್ಚು ಹೇಳಿದರೆ ನನಗೇ ನಗು ಬರುತ್ತದೆ. ಮೊದಲು ಸೋತೆವು. ಆಮೇಲೆ ಇನ್ನೂ ಚೆನ್ನಾಗಿ ಸೋತೆವು. ಒಂದು ಪಂದ್ಯ ಮಳೆಯಿಂದ ನಿಂತುಹೋಗಿ ಸರಿಸಮವಾಯಿತು. ಆ ಸಂತೋಷಕ್ಕೆ ಎಲ್ಲರೂ ಹೋಗಿ ಮಸಾಲೆ ದೋಸೆ ತಿಂದೆವು. ಒಂದನ್ನು ಮಾತ್ರ ನ್ಯಾಯವಾಗಿ ಗೆದ್ದೆವು, ಅದೂ ಕ್ಯಾಪ್ಟನ್ ಹಾಕಿದ ಪಾಸು ಯಾರದೋ ಮೊಣಕಾಲಿಗೆ ತಾಗಿ ಒಳಗೆ ಹೋದದ್ದರಿಂದ. ಅವನಲ್ಲಿದ್ದ ತೊಂದರೆಯೇ ಅದು. ಗೋಲಿನ ಎದುರಿಗೆ ಬಂದು ನಿಂತರೂ ತಾನು ಹೊಡೆಯದೆ ಪಕ್ಕದವನಿಗೆ ದಾಟಿಸುತ್ತಿದ್ದ. ಹಿತ್ತಲಿನಲ್ಲಿ ಕಲಿತ ಆಟ, ಜೊತೆಗೆ ಸ್ವಭಾವವೂ ಹಾಗೇ. ಮನೆಗೆ ಬಂದವರಿಗೆ ಮೊದಲು ಬಡಿಸುವ ಹೆಂಗಸರ ಹಾಗೆ ಅವನು ಎಲ್ಲರಿಗೂ ಚೆಂಡು ಬಡಿಸುತ್ತಿದ್ದ. ನಾವು ಅದನ್ನು ಹೊರಗೆ ಹೊಡೆದು ಬರುತ್ತಿದ್ದೆವು. ನೋಡುವವರಿಗೆ ಅವನ ಆಟ ಕಾಣುತ್ತಿರಲಿಲ್ಲ, ನಮ್ಮ ದಡ್ಡತನ ಕಾಣುತ್ತಿತ್ತು.

ಕೊನೆಯ ಪಂದ್ಯಕ್ಕೆ ಮೊದಲು ಮೇಷ್ಟ್ರು ಸುದ್ದಿ ತಂದರು. ಪಂದ್ಯ ಒಂದು ಕಾರ್ಖಾನೆಯ ಅಪ್ರೆಂಟಿಸ್ ಹುಡುಗರ ಮೇಲೆ. ಅದೇ ಕಾರ್ಖಾನೆಯ ದೊಡ್ಡ ತಂಡದ ಮ್ಯಾನೇಜರ್ ನೋಡಲು ಬರುತ್ತಾರೆ; ಅವರಿಗೆ ಎಡಗಾಲಿನ ಆಟಗಾರನೊಬ್ಬ ಬೇಕಾಗಿದ್ದಾನೆ. ಸುದ್ದಿ ಕೇಳಿ ಕ್ಯಾಪ್ಟನ್ನಿನ ಮುಖ ಒಂದು ಕ್ಷಣ ಅರಳಿ ಹಾಗೇ ಮುದುಡಿಕೊಂಡಿತು. ಆ ಪಂದ್ಯ ಬಿದ್ದಿದ್ದುದು ರಂಜಾನಿನ ನಡುವೆ.

ಮೇಷ್ಟ್ರು ಮೆಲ್ಲಗೆ ಕೇಳಿದರು. "ಅದೊಂದು ದಿನ ಉಪವಾಸ ಬಿಟ್ರೆ ಆಗಲ್ವೇನಪ್ಪಾ? ಆಮೇಲೆ ಬದಲಿಗೆ ಇಟ್ಕೋಬಹುದಂತಲ್ಲ?"

"ಇಟ್ಕೋಬಹುದು ಸಾರ್. ಆದ್ರೆ ನಾನು ಬಿಡಲ್ಲ."

ಅಷ್ಟೇ. ಮೇಷ್ಟ್ರು ಮತ್ತೆ ಆ ಮಾತೆತ್ತಲಿಲ್ಲ.

ಹಗಲೆಲ್ಲ ಒಂದು ತೊಟ್ಟು ನೀರಿಲ್ಲದೆ ಅವನು ಅಭ್ಯಾಸಕ್ಕೆ ಬರುತ್ತಿದ್ದ. ಹಬ್ಬದ ಬಟ್ಟೆಯ ಕೆಲಸ ಬೇರೆ. ಕಾಲೇಜಿಗೆ ಮೊದಲೂ ಆಟ ಮುಗಿದ ಮೇಲೂ ಅಪ್ಪನ ಅಂಗಡಿಯಲ್ಲಿ ಹೊಲಿಗೆ. ಪಂದ್ಯದ ಹಿಂದಿನ ದಿನ ನಮ್ಮ ಗೋಲ್‌ಕೀಪರ್ ಅಭ್ಯಾಸ ಮುಗಿಸಿ, ಅವನೆದುರೇ ಗೋಲಿ ಸೋಡಾ ಒಡೆದು ಗಟಗಟನೆ ಕುಡಿದು ತೇಗಿದ. ಕ್ಯಾಪ್ಟನ್ ಬೇರೆ ಕಡೆ ತಿರುಗಿ ಬೂಟಿನ ದಾರ ಬಿಚ್ಚತೊಡಗಿದ. ಅವನು ಹೊರಟುಹೋದ ಮೇಲೆ ಗೋಲ್‌ಕೀಪರ್ ಖಾಲಿ ಬಾಟಲಿ ಹಿಡಿದುಕೊಂಡು ಅಳುಮುಖ ಮಾಡಿಕೊಂಡು ಕೂತ.

"ನಾನು ಪಾಪಿ ಮಚ್ಚಾ," ಎಂದ. "ಅವ್ನು ಒಬ್ನೇ ಹಸ್ಕೊಂಡು ಓಡ್ತಾನೆ, ನಾವು ತಿಂದು ತೇಗ್ತೀವಿ. ನಾಳೆ ನಾವೂ ಇಡೋಣ ರೋಜಾ, ಅವ್ನ ಥರಾನೇ ಉಪವಾಸ. ಅವ್ನಿಗೆ ಹೇಳ್ಬಾರ್ದು."

ಈಗ ಯೋಚಿಸಿದರೆ, ಆಗಲೇ ಯಾರಾದರೂ ಅವನ ಬೆನ್ನಿಗೆ ಗುದ್ದಿ ಸುಮ್ಮನಿರಿಸಬೇಕಿತ್ತು. ಗುದ್ದಲಿಲ್ಲ. ಎಲ್ಲರಿಗೂ ಎದೆ ತುಂಬಿ ಬಂತು. ಹತ್ತು ಜನ ಚೆಂಡಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದೆವು. ದೇವಸ್ಥಾನದ ಪೂಜಾರಿಗಳ ಮಗನೊಬ್ಬ ನಮ್ಮ ಹಾಫ್ ಬ್ಯಾಕ್ ಆಗಿದ್ದ, ಅವನೊಬ್ಬ ಮಾತ್ರ, "ಬಾಳೆಹಣ್ಣು ತಿನ್ಬಹುದು ತಾನೆ? ಫಲಾಹಾರಕ್ಕೆ ದೋಷ ಇಲ್ಲ" ಎಂದ. ಉಳಿದವರೆಲ್ಲ ಅವನನ್ನು ದುರುಗುಟ್ಟಿ ನೋಡಿದೆವು.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು ಸುಮ್ಮನೆ ಕೂತೆ. ಅಮ್ಮ ಬಿಸಿ ರೊಟ್ಟಿ ತಂದಿಟ್ಟಳು. ಬೇಡ, ಇವತ್ತು ಉಪವಾಸ ಎಂದೆ.

"ಏಕಾದಶಿ ಮೊನ್ನೇನೇ ಆಯ್ತಲ್ಲೋ. ಯಾವ ದೇವ್ರಿಗೆ ಇದು?"

"ಫುಟ್‌ಬಾಲಿಗೆ."

ಅಮ್ಮ ನನ್ನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ರೊಟ್ಟಿ ತೆಗೆದುಕೊಂಡು ಹೋದಳು. ರೈಲಿನಲ್ಲಿ ಎದುರಿಗೆ ಕೂತವನು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. ಅಂಥ ವಾಸನೆ ಕಡಲೆಕಾಯಿಗೆ ಇದೆಯೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕಾಲೇಜಿಗೆ ಬಂದರೆ ಗೋಲ್‌ಕೀಪರ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ದಾರಿಯ ಬೇಕರಿ ತಪ್ಪಿಸಲು ಅವನು ಎಲ್ಲೆಲ್ಲೋ ಸುತ್ತಿಕೊಂಡು ಬಂದಿದ್ದನಂತೆ. ಇತಿಹಾಸದ ಕ್ಲಾಸಿನಲ್ಲಿ ಅವನ ಹೊಟ್ಟೆ ಪಾಠಕ್ಕಿಂತ ಜೋರಾಗಿ ಮಾತಾಡಿತು.

ಮಧ್ಯಾಹ್ನ ಹಲಸೂರು ಕೆರೆಯ ಹತ್ತಿರದ ಮೈದಾನ. ಸುಡುವ ಬಿಸಿಲು. ಮೇಷ್ಟ್ರು ಎಂದಿನಂತೆ ಕಿತ್ತಳೆ ಚೀಲ ಹಿಡಿದು ಹಾಜರಿದ್ದರು. ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ನನ್ನ ಕಾಲುಗಳು ಯಾರದೋ ಕಾಲುಗಳಾದವು. ಕ್ಯಾಪ್ಟನ್ ಚೆಂಡು ತಂದು ದಾಟಿಸುತ್ತಾನೆ, ಅಲ್ಲಿ ಇರಬೇಕಾದವನು ಇರುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲೋ ಹಿಂದೆ ನಿಂತಿರುತ್ತಾನೆ. ಅಪ್ರೆಂಟಿಸ್ ಹುಡುಗರು ಎರಡು ಗೋಲು ಹೊಡೆದರು. ಎರಡನೆಯದಕ್ಕೆ ನಮ್ಮ ಗೋಲ್‌ಕೀಪರ್ ಕಂಬಕ್ಕೆ ಒರಗಿದ್ದವನು ಒರಗಿಕೊಂಡೇ ಇದ್ದ.

ಅರ್ಧ ಆಟ ಮುಗಿದು ಬಂದಾಗ ಮೇಷ್ಟ್ರು ಹಣ್ಣು ಬಿಡಿಸಿ ಹಿಡಿದರು. ಯಾರೂ ಮುಟ್ಟಲಿಲ್ಲ.

"ಯಾಕ್ರೋ? ಹುಳಿ ಇದೆಯಾ?" ಎಂದು ತಾವೇ ಒಂದು ತೊಳೆ ತಿಂದು ನೋಡಿದರು.

ಕ್ಯಾಪ್ಟನ್ ಆ ಹಣ್ಣುಗಳನ್ನು ನೋಡಿದ. ಮುಟ್ಟದ ನೀರಿನ ಬಕೆಟ್ಟು ನೋಡಿದ. ನಮ್ಮ ಒಣಗಿದ ತುಟಿಗಳನ್ನು ನೋಡಿದ. ಅವನಿಗೆ ಅರ್ಥವಾಯಿತು. ಖುಷಿಯಿಂದ ಅಪ್ಪಿಕೊಳ್ಳುತ್ತಾನೆಂದು ನಾವು ಕಾದೆವು.

"ಕ್ಯಾ ರೇ, ಯಾವನು ಹೇಳಿದ್ದು ನಿಮ್ಗೆ?" ಎಂದು ಕಿರುಚಿದ. "ನಾನು ಇರೋದು ಅಲ್ಲಾಹನಿಗೆ! ನೀವು ಯಾರಿಗ್ರೋ ಇದ್ದೀರಾ?"

"ನಿಂಗೆ, ಮಗಾ," ಎಂದ ಗೋಲ್‌ಕೀಪರ್.

ಕ್ಯಾಪ್ಟನ್ ತಲೆ ಹಿಡಿದುಕೊಂಡ. ಆಮೇಲೆ ಏನೋ ಹೊಳೆದವನಂತೆ ಕೇಳಿದ. "ಬೆಳಿಗ್ಗೆ ಸಹರಿಗೆ ಏನು ತಿಂದ್ರಿ?"

"ಏನು?"

"ಸಹರಿ! ಬೆಳಗಾಗೋಕ್ ಮುಂಚೆ ಎದ್ದು ತಿಂತೀವಲ್ಲ!"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಲಸೂರಿನವರಿಗೆ ಬೆಳಗಿನ ಜಾವ ಮಸೀದಿ ಕಡೆಯವರು ಬೀದಿಯಲ್ಲಿ ಎಬ್ಬಿಸಿಕೊಂಡು ಹೋಗುವುದು ಕೇಳುತ್ತಿತ್ತು, ನಮಾಜಿಗೆ ಎಂದುಕೊಂಡಿದ್ದರು. ನನಗಂತೂ ಉಪವಾಸವೆಂದರೆ ಅಮ್ಮನ ಏಕಾದಶಿ; ಎದ್ದಾಗಿನಿಂದ ಏನೂ ಇಲ್ಲ.

"ನೀನು ತಿಂದ್ಯಾ?" ಎಂದು ಗೋಲ್‌ಕೀಪರ್ ಕೇಳಿದ.

"ತಿಂದೆ ಯಾರ್. ಚಪಾತಿ, ಕೀಮಾ, ಮೊಸರನ್ನ, ಮೇಲೆ ಒಂದು ಚೊಂಬು ನೀರು."

ನಮ್ಮ ಗೋಲ್‌ಕೀಪರ್ ಮುಖದಲ್ಲಿ ಆಗ ಮೂಡಿದ ದುಃಖವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಕೀಮಾ ಎಂಬ ಮಾತನ್ನು ತನ್ನಷ್ಟಕ್ಕೆ ತಾನೇ ಇನ್ನೊಮ್ಮೆ ಹೇಳಿಕೊಂಡ. ಕ್ಯಾಪ್ಟನ್ನಿಗಿಂತ ನಾವೇ ಕಟ್ಟುನಿಟ್ಟಾಗಿ ಹಸಿದಿದ್ದೆವು, ಅದೂ ಅಭ್ಯಾಸವಿಲ್ಲದೆ.

"ಕುಡೀರಿ. ಎಲ್ರೂ ಕುಡೀರಿ. ಇದು ಕ್ಯಾಪ್ಟನ್ ಆರ್ಡರ್," ಎಂದು ಅವನೇ ಲೋಟದಲ್ಲಿ ನೀರು ತುಂಬಿ ಒಬ್ಬೊಬ್ಬರ ಬಾಯಿಗೂ ಹಿಡಿದ. ತಾನು ಮಾತ್ರ ಮುಟ್ಟಲಿಲ್ಲ. ಆ ಸೀಸನ್ನಿನಲ್ಲಿ ಅವನಿಗೆ ಉಳಿದಿದ್ದುದು ಇನ್ನರ್ಧ ಆಟ. ನಾವು ಪ್ರೀತಿಯಿಂದಲೇ ಅವನ ಕತ್ತು ಹಿಸುಕಿಬಿಟ್ಟೆವೆಂದು ನನಗೆ ಸಂಕಟವಾಯಿತು. ಆ ಸಂಕಟಕ್ಕೆ ಇನ್ನೆರಡು ಲೋಟ ಕುಡಿದೆ.

ಅಲ್ಲಿಗೂ ಮುಗಿಯಲಿಲ್ಲ ನಮ್ಮ ಘನಕಾರ್ಯ. ಬರಿಹೊಟ್ಟೆಗೆ ಬಕೆಟ್ ನೀರು ಸುರಿದುಕೊಂಡು ಓಡಿದರೆ ಏನಾಗುತ್ತದೋ ಅದೇ ಆಯಿತು. ಹೊಟ್ಟೆಯೊಳಗೆ ಗುಳುಗುಳು, ಪಕ್ಕೆಯಲ್ಲಿ ಚಳುಕು. ಇಬ್ಬರು ಗೆರೆಯಾಚೆ ಹೋಗಿ ವಾಂತಿ ಮಾಡಿಕೊಂಡು ಬಂದರು. ನೆಟ್ಟಗೆ ಓಡಾಡುತ್ತಿದ್ದವನೆಂದರೆ ಪೂಜಾರಿಗಳ ಮಗ. ಅವನು ಗುಟ್ಟಾಗಿ ಬಾಳೆಹಣ್ಣು ತಿಂದುಬಂದಿದ್ದನೆಂದು ಆಮೇಲೆ ತಿಳಿಯಿತು.

ಮ್ಯಾನೇಜರ್ ಬಂದದ್ದು ಆಗ. ಸ್ಕೂಟರ್ ನಿಲ್ಲಿಸಿ, ಕೈಕಟ್ಟಿಕೊಂಡು ಗೆರೆಯ ಪಕ್ಕ ನಿಂತರು. ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ಪಕ್ಕೆ ಹಿಡಿದುಕೊಂಡು ಅಲ್ಲಲ್ಲಿ ನಿಂತಿರುವ ಒಂದಷ್ಟು ಜನ, ಅವರ ನಡುವೆ ಹುಚ್ಚು ಹಿಡಿದವನಂತೆ ಓಡುತ್ತಿರುವ ಒಬ್ಬ ಸಣ್ಣ ಹುಡುಗ. ಅವನೇ ನನ್ನ ಜಾಗಕ್ಕೆ ಬಂದು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡ. ಅವನೇ ಮುಂದಕ್ಕೆ ತೆಗೆದುಕೊಂಡು ಹೋದ. ಅಭ್ಯಾಸಬಲದಿಂದ ಪಾಸು ಕೊಡಲು ಎಡಕ್ಕೆ ನೋಡಿದ, ಯಾರೂ ಇಲ್ಲ. ಬಲಕ್ಕೆ ನೋಡಿದ, ಅಲ್ಲಿದ್ದವನು ಬಗ್ಗಿ ಮೊಣಕಾಲು ಹಿಡಿದುಕೊಂಡಿದ್ದ. ಬಡಿಸಲು ಯಾರೂ ಇಲ್ಲವಾದ್ದರಿಂದ ತಾನೇ ಉಂಡ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಎಡಗಾಲಿನಿಂದ ಎತ್ತಿ ಹೊಡೆದ. ಚೆಂಡು ಅವರ ಗೋಲ್‌ಕೀಪರನ ಕೈಗೆ ಸಿಗದೆ ಬಲೆಗೆ ಬಿತ್ತು. ಇಡೀ ಸೀಸನ್ನಿನಲ್ಲಿ ನಮ್ಮ ತಂಡದವನೊಬ್ಬ ಚೆಂಡನ್ನು ನೆಲದಿಂದ ಮೇಲೆತ್ತಿ ಗೋಲು ಹೊಡೆದದ್ದು ಅದೊಂದೇ ಸಲ.

ಕುಣಿದಾಡಲು ನಮ್ಮಲ್ಲಿ ಶಕ್ತಿ ಇರಲಿಲ್ಲ. ಅವನೂ ನಿಲ್ಲಲಿಲ್ಲ. ತಾನೇ ಬಲೆಯಿಂದ ಚೆಂಡು ತೆಗೆದುಕೊಂಡು ಓಡುತ್ತ ಬಂದು ನಡುಗೆರೆಯಲ್ಲಿಟ್ಟ. ಆಮೇಲೆ ಅವರು ಇನ್ನೂ ಎರಡು ಹೊಡೆದರು, ಪಂದ್ಯ ಸೋತೆವು. ಅವನು ಮಾತ್ರ ಕೊನೆಯ ಸೀಟಿಯವರೆಗೂ ಓಡುತ್ತಲೇ ಇದ್ದ.

ಮ್ಯಾನೇಜರ್ ಅವನನ್ನು ಕರೆದರು. ನಾವು ಹುಲ್ಲಿನ ಮೇಲೆ ಬಿದ್ದುಕೊಂಡು ಕಿವಿ ನಿಮಿರಿಸಿದೆವು.

"ಏನಯ್ಯಾ, ನಿಮ್ ಟೀಮ್‌ನೋರಿಗೆ ಏನಾಗಿದೆ?"

"ಉಪವಾಸ ಇದ್ರು ಸಾರ್."

"ಎಲ್ರೂ ಮುಸ್ಲಿಮರಾ?"

"ಅಲ್ಲ ಸಾರ್. ಎಲ್ರೂ ಹುಚ್ರು."

"ಮತ್ತೆ ನೀನು?"

"ನಂದು ಇನ್ನೂ ಇದೆ ಸಾರ್. ಇನ್ನು ಸ್ವಲ್ಪ ಹೊತ್ತಿಗೆ ಬಿಡೋದು."

ಮ್ಯಾನೇಜರ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದರು. "ಸೋಮವಾರ ಬೆಳಿಗ್ಗೆ ಗೇಟ್ ಹತ್ರ ಬಂದು ನನ್ ಹೆಸ್ರು ಹೇಳು. ದೊಡ್ಡ ಸಾಹೇಬ್ರು ನೋಡ್ತಾರೆ, ನೆಟ್ಟಗೆ ಡ್ರೆಸ್ ಮಾಡ್ಕೊಂಡು ಬಾ," ಎಂದು ಸ್ಕೂಟರ್ ಹತ್ತಿ ಹೋದರು.

ಹೊತ್ತು ಮುಳುಗಿ ಕೆರೆಯಾಚೆಯಿಂದ ಆಜಾನ್ ಕೇಳಿತು. ಕ್ಯಾಪ್ಟನ್ ಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು ಮೊದಲು ತಾನೊಂದು ಬಾಯಿಗೆ ಹಾಕಿಕೊಂಡ. ಆಮೇಲೆ ಒಬ್ಬೊಬ್ಬರಿಗೂ ಹಂಚಿದ. "ನಿಮ್ದು ಆಗ್ಲೇ ಮುರಿದು ಹೋಯ್ತು. ಆದ್ರೂ ತಗೊಳ್ರೋ ಗಧೇ, ಕತ್ತೆಗಳಾ," ಎನ್ನುತ್ತ ನಕ್ಕ. ಮೇಷ್ಟ್ರು ಒಂದು ಖರ್ಜೂರ ಕೈಯಲ್ಲಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು.

ಸುದ್ದಿ ಹೇಳಲು ಅವನು ಅಂಗಡಿಗೆ ಹೊರಟ. ಗೋಲ್‌ಕೀಪರೂ ನಾನೂ ದಾರಿಯುದ್ದಕ್ಕೂ ಸಮೋಸ ತಿನ್ನುತ್ತ ಅವನ ಜೊತೆ ಹೋದೆವು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಬಟ್ಟೆಗೆ ಬಂದ ಗಿರಾಕಿಗಳು ಬಾಗಿಲವರೆಗೂ ನಿಂತಿದ್ದರು. ಅಪ್ಪ ಮಿಷಿನ್ ತುಳಿಯುತ್ತಿದ್ದರು. ಮಗ ಗಿರಾಕಿಗಳ ನಡುವೆ ತೂರಿಕೊಂಡು ಹೋಗಿ ದಖನಿ ಉರ್ದುವಿನಲ್ಲಿ ಏನೋ ಹೇಳಿದ. ಮಿಷಿನ್ ನಿಂತಿತು. ಅಂಗಡಿಯಲ್ಲಿದ್ದವರೆಲ್ಲ ಮುಬಾರಕ್ ಮುಬಾರಕ್ ಎಂದು ಅವನ ಬೆನ್ನು ತಟ್ಟಿದರು. ಅಪ್ಪ ಆಗಲಿ ಎಂಬಂತೆ ತಲೆಯಾಡಿಸಿದರು. ಸೋಮವಾರ ಏನು ಹಾಕಿಕೊಂಡು ಹೋಗುತ್ತೀಯ ಎಂದು ಕೇಳಿದರು. ಊರಿಗೆಲ್ಲ ಪ್ಯಾಂಟ್ ಹೊಲಿಯುವವನ ಹತ್ತಿರ ಸರಿಯಾದ ಪ್ಯಾಂಟ್ ಒಂದೂ ಇರಲಿಲ್ಲ.

ಅಪ್ಪ ಎದ್ದು ಮೇಲಿನ ಹಲಗೆಯಿಂದ ಬೂದುಬಣ್ಣದ ಬಟ್ಟೆಯ ತುಂಡೊಂದನ್ನು ಇಳಿಸಿದರು. "ಸ್ವಲ್ಪ ತಡೀರಿ ಭಾಯ್, ಇದೊಂದು ಅರ್ಜೆಂಟ್," ಎಂದು ಗಿರಾಕಿಗಳಿಗೆ ಹೇಳಿದರು. "ಇಧರ್ ಆ" ಎಂದು ಮಗನನ್ನು ಬಲ್ಬಿನ ಕೆಳಗೆ ನಿಲ್ಲಿಸಿ, ಕೈ ಮೇಲೆತ್ತಿಸಿ, ಸೊಂಟಕ್ಕೆ ಟೇಪು ಸುತ್ತಿ ಅಳತೆ ಕೂಗಿದರು. ಕೂಗಿ, ಪಕ್ಕದ ಸ್ಟೂಲಿನ ಕಡೆ ತಿರುಗಿದರು.

ಸ್ಟೂಲು ಖಾಲಿ ಇತ್ತು. ಆ ಅಂಗಡಿಯಲ್ಲಿ ಅಪ್ಪ ಅಳತೆ ಕೂಗುವುದು, ಮಗ ಅಲ್ಲಿ ಕೂತು ಬರೆದುಕೊಳ್ಳುವುದು. ಮಗನಿಗೆ ಅಕ್ಷರ ಬಂದಾಗಿನಿಂದ ನಡೆದುಬಂದದ್ದು ಅದು. ಬರೆದುಕೊಳ್ಳುವವನು ಈಗ ಎರಡೂ ಕೈ ಎತ್ತಿಕೊಂಡು ಅಪ್ಪನ ಟೇಪಿನೊಳಗೆ ನಿಂತಿದ್ದ. ಅಪ್ಪ ಅದೇ ಅಳತೆಯನ್ನು ಇನ್ನೊಮ್ಮೆ ಹೇಳಿದರು, ಈ ಸಲ ಮೆಲ್ಲಗೆ. ನಾನು ಗಿರಾಕಿಗಳನ್ನು ದಾಟಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ತೆಗೆದುಕೊಂಡೆ.

"ಹೇಳಿ ಚಾಚಾ, ನಾನು ಬರ್ಕೋತೀನಿ."

ಅಷ್ಟು ಬಿಸಿಲಿನಲ್ಲಿ ಒಂದು ತೊಟ್ಟು ನೀರಿಲ್ಲದೆ ಓಡಿದವನು ಅಲ್ಲಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದ. ಚಾಚಾ ಅವನ ಮುಖ ನೋಡಲಿಲ್ಲ. ಮಂಡಿಯೂರಿ ಕೂತು, ಟೇಪನ್ನು ಸೊಂಟದಿಂದ ಹಿಮ್ಮಡಿಯವರೆಗೆ ಇಳಿಬಿಟ್ಟು ಹಿಡಿದುಕೊಂಡರು.

"ಅಲ್ಲಾಡ್ಬೇಡ ಬೇಟಾ," ಎಂದರು. "ಅಳತೆ ತಪ್ಪುತ್ತೆ."